ಕಿಲ್ನಿನ ಲೆಕ್ಕ ಬಯಲಿಗೆ, ಎದೆಯ ಲೆಕ್ಕ ಅಲಮಾರಿಗೆ

2023ರ ಮೇ ತಿಂಗಳಲ್ಲಿ ಬಂದ ರಾಜ್ಯ ಸರ್ಕಾರದಲ್ಲಿ ಐಟಿ-ಬಿಟಿ ಖಾತೆ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಅವರಿಗೆ ಸಿಕ್ಕಿತು. ವೈದ್ಯಕೀಯ ಶಿಕ್ಷಣ ಖಾತೆ ಸೇಡಂ ಶಾಸಕ ಶರಣಪ್ರಕಾಶ ಪಾಟೀಲರಿಗೆ. ಸ್ಟಾರ್ಟ್‌ಅಪ್‌ಗಳ ಕೀಲಿಕೈ ಒಬ್ಬರ ಕೈಗೆ, ವೈದ್ಯಕೀಯ ಕಾಲೇಜುಗಳ ಕೀಲಿಕೈ ಇನ್ನೊಬ್ಬರ ಕೈಗೆ ಬಂತು. ಕಲಬುರಗಿ ಜಿಲ್ಲೆಯ ಈ ಎರಡೂ ಕ್ಷೇತ್ರಗಳು ಒಂದಕ್ಕೊಂದು ತಾಗಿಕೊಂಡಿವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಈ ಎರಡು ತಾಲ್ಲೂಕುಗಳ ಜೊತೆಗೆ ಚಿಂಚೋಳಿಯನ್ನೂ 'ಅತ್ಯಂತ ಹಿಂದುಳಿದ' ಪಟ್ಟಿಗೆ ಸೇರಿಸಿತ್ತು. ಆರೋಗ್ಯದಲ್ಲಿ ಹೊಸತನ್ನು ತರಲು, ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಲು ರಾಜ್ಯದಲ್ಲಿ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.

ಆ ಮೇಜಿನ ಬಗ್ಗೆ ಮಾತಿಗೇನೂ ಬರವಿಲ್ಲ. ಬೆಂಗಳೂರಿನ ತಂತ್ರಜ್ಞಾನ ಮೇಳಗಳಲ್ಲಿ ಕೇಳುವ ವಾದವೇ ಕಲಬುರಗಿಯ ಸಭಾಂಗಣಗಳಲ್ಲೂ ಕೇಳುತ್ತದೆ: ಈ ಭಾಗದಲ್ಲಿ ತಜ್ಞ ವೈದ್ಯರಿಲ್ಲ, ತಂತ್ರಜ್ಞಾನವಿಲ್ಲ, ಬಾಗಿಲು ತೆರೆದಿಟ್ಟರೆ ಎರಡೂ ಹೊರಗಿನಿಂದ ಬರುತ್ತವೆ. ಸ್ಟಾರ್ಟ್‌ಅಪ್ ಉಪಕರಣ ತರುತ್ತದೆ, ಕಂಪನಿ ಸಿಎಸ್‌ಆರ್ ಹಣ ತರುತ್ತದೆ, ಸರ್ಕಾರ ಕಟ್ಟಡ ಕೊಡುತ್ತದೆ, ಆಶಾ ಕಾರ್ಯಕರ್ತೆ ಮೊಬೈಲಿನಲ್ಲಿ ಮಾಹಿತಿ ತುಂಬುತ್ತಾಳೆ. ಇದಕ್ಕೆ ಮುಕ್ತ ನಾವೀನ್ಯತೆ ಎಂದು ಹೆಸರು, ಸಹಯೋಗ ಎಂದು ಬಿರುದು. ಇದನ್ನು ಒಪ್ಪದವರು ಪ್ರಗತಿಯ ವಿರೋಧಿಗಳು.

ಈ ವಾದ ಪೂರ್ತಿ ಸುಳ್ಳಲ್ಲ, ಬಹಳ ಅನುಕೂಲದ್ದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಂದಿಯ ಆರೋಗ್ಯದ ಬಗ್ಗೆ ಅತಿ ಮುಖ್ಯವಾದ ತಿಳಿವಳಿಕೆ ಹೊರಗಿನಿಂದ ಬರಬೇಕಾಗಿಲ್ಲ. ಅದು ಇಲ್ಲಿಯೇ, ಬೇರೆ ಬೇರೆ ಕಚೇರಿಗಳ ಬೇರೆ ಬೇರೆ ಅಲಮಾರಿಗಳಲ್ಲಿ ಕೂತಿದೆ. ಹೊಸ ಉಪಕರಣಕ್ಕೆ ಬಾಗಿಲು ತೆರೆಯಲು ಎಲ್ಲರೂ ಸಿದ್ಧ. ಅಲಮಾರಿ ತೆರೆಯಿರಿ ಎಂದಾಗ ಮಾತ್ರ ಸಭೆ ಊಟಕ್ಕೆ ಎದ್ದುಬಿಡುತ್ತದೆ.

ಮೊದಲು ಈ ನೆಲದ ಕಸುಬು ನೋಡಬೇಕು. ಭೀಮಾ ಕಣಿವೆಯ ಸುಣ್ಣಕಲ್ಲಿನ ಹಾಸು ಶಹಾಬಾದಿನಿಂದ ತಾಂಡೂರಿನವರೆಗೂ ಹರಡಿದೆ. ಹಾಳೆ ಹಾಳೆಯಾಗಿ ಏಳುವ ಕಲ್ಲು ನೆಲಕ್ಕೆ ಹಾಸುವ ಫರ್ಸಿಯಾಗುತ್ತದೆ, ಉಳಿದದ್ದು ಸಿಮೆಂಟ್. ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ರಾಜಶ್ರೀ (ಈಗ ಅಲ್ಟ್ರಾಟೆಕ್), ಸೇಡಂ ಪಟ್ಟಣಕ್ಕೆ ಅಂಟಿಕೊಂಡ ವಾಸವದತ್ತಾ, ಕೊಡ್ಲಾ ಕಡೆ ಶ್ರೀ ಸಿಮೆಂಟ್, ಚಿತ್ತಾಪುರ ತಾಲ್ಲೂಕಿನಲ್ಲಿ ಓರಿಯಂಟ್, ಚಿಂಚೋಳಿಯ ಕಡೆ ಛತ್ರಸಾಲದಲ್ಲಿ ಕಲಬುರ್ಗಿ ಸಿಮೆಂಟ್. ಒಂದು ದಿನದಲ್ಲಿ ಜೀಪಿನಲ್ಲಿ ಸುತ್ತಿ ಬರಬಹುದಾದ ಜಾಗದಲ್ಲಿ ಇಷ್ಟು ಕಾರ್ಖಾನೆಗಳಿವೆ. ಕುರಕುಂಟಾದ ಕೇಂದ್ರ ಸರ್ಕಾರಿ ಸಿಮೆಂಟ್ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯೂ ನಿಂತುಹೋಗಿದೆ. ಮುಚ್ಚಿದ ಕಾರ್ಖಾನೆಗಳ ಯಂತ್ರಗಳನ್ನು ಹರಾಜು ಹಾಕಬಹುದು. ಅಲ್ಲಿ ದುಡಿದವರ ಎದೆಯ ಎಕ್ಸ್-ರೇಗಳು ಎಲ್ಲಿ ಹೋದವು ಎಂದು ಕೇಳುವವರು ಯಾರು?

ಇಲ್ಲಿ ದುಡಿಯುವ ಒಬ್ಬನೇ ಮನುಷ್ಯನನ್ನು ಎಷ್ಟು ಇಲಾಖೆಗಳು ಹಂಚಿಕೊಂಡಿವೆ ನೋಡಿ. ಅವನು ಸುಣ್ಣಕಲ್ಲಿನ ಗಣಿಯಲ್ಲಿದ್ದರೆ ಅವನ ಶ್ವಾಸಕೋಶ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು, ಅದರ ಮುಖ್ಯ ಕಚೇರಿ ಧನಬಾದಿನಲ್ಲಿ. ಐದು ವರ್ಷಕ್ಕೊಮ್ಮೆ ಅವನ ವೈದ್ಯಕೀಯ ತಪಾಸಣೆ ಆಗಬೇಕೆಂದು 1955ರ ಗಣಿ ನಿಯಮಗಳು ಹೇಳಿದ್ದವು. ಅದೇ ಮನುಷ್ಯ ಗಣಿ ಬಿಟ್ಟು ಪ್ಯಾಕಿಂಗ್ ಪ್ಲಾಂಟಿಗೆ ಬಂದರೆ ಅವನ ಎದೆ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಗೆ ವರ್ಗವಾಗುತ್ತದೆ. ಸಂಬಳ ತಿಂಗಳಿಗೆ 21,000 ರೂಪಾಯಿ ದಾಟದಿದ್ದರೆ ಅವನು ಇಎಸ್‌ಐ ಕಾರ್ಡಿನವನು. 1948ರ ಇಎಸ್‌ಐ ಕಾಯ್ದೆ ಗಣಿ ಕಾಯ್ದೆಗೆ ಒಳಪಟ್ಟ ಗಣಿಯನ್ನು 'ಕಾರ್ಖಾನೆ' ಎಂದು ಒಪ್ಪುತ್ತಿರಲಿಲ್ಲವಾದ್ದರಿಂದ, ಆ ಕಾಯ್ದೆ ಇದ್ದಾಗ ಫರ್ಸಿ ಖಣಿಯಲ್ಲಿದ್ದಷ್ಟು ದಿನ ಆ ಕಾರ್ಡೂ ಇರಲಿಲ್ಲ. ಅವನ ಮನೆಯ ಮೇಲೆ ಬೀಳುವ ದೂಳು ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಕೆಮ್ಮು ಜಾಸ್ತಿಯಾಗಿ ಸರ್ಕಾರಿ ದವಾಖಾನೆಗೆ ಹೋದರೆ ಅವನು ಆರೋಗ್ಯ ಇಲಾಖೆಯ ಪಾಲು. ಐದು ದಫ್ತರಗಳಲ್ಲಿ ಐದು ಹೆಸರುಗಳ ಹಾಗೆ ಅವನು ಬದುಕುತ್ತಾನೆ. ಐದನ್ನೂ ಒಂದೆಡೆ ಇಟ್ಟು ಓದುವ ಕೆಲಸ ಯಾರ ಹುದ್ದೆಯಲ್ಲೂ ಬರೆದಿಲ್ಲ.

ಇಲ್ಲಿಯೇ ಚಾಲ್ತಿಯ ವಾದಕ್ಕೆ ಮೊದಲ ಪ್ರಶ್ನೆ. ಸೇಡಂ ಭಾಗಕ್ಕೆ ಮುಕ್ತ ನಾವೀನ್ಯತೆ ಇನ್ನೂ ಬರಬೇಕಾಗಿದೆ ಎಂದು ಹೇಳಿದವರು ಯಾರು? ಅದು ಬಂದು ಬಹಳ ಕಾಲವಾಯಿತು. ಎದೆಗೆ ಬಂದಿಲ್ಲ, ಸಿಮೆಂಟಿನ ಕಲ್ಲು ಸುಡುವ ಕಿಲ್ನಿಗೆ ಬಂದಿದೆ.

ಸಿಮೆಂಟ್ ಉದ್ಯಮದಷ್ಟು ಪರಸ್ಪರ ಕಲಿತ ಉದ್ಯಮಗಳು ಕಡಿಮೆ. 1936ರಲ್ಲಿ ಪೈಪೋಟಿಯಲ್ಲಿದ್ದ ಹತ್ತು ಕಂಪನಿಗಳು ಒಂದಾಗಿ ಎಸಿಸಿ ಹುಟ್ಟಿತು, ಆ ಹತ್ತರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಈಚಿನ ಕಥೆ ಇನ್ನೂ ಸ್ವಾರಸ್ಯದ್ದು. ಜಗತ್ತಿನ ದೊಡ್ಡ ಸಿಮೆಂಟ್ ಕಂಪನಿಗಳು 'ಗೆಟಿಂಗ್ ದಿ ನಂಬರ್ಸ್ ರೈಟ್' ಎಂಬ ಸಾಮೂಹಿಕ ಲೆಕ್ಕದ ಪುಸ್ತಕ ಇಟ್ಟಿವೆ. ಒಂದು ಟನ್ ಕ್ಲಿಂಕರ್‌ಗೆ ಎಷ್ಟು ಶಾಖ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂಬ ಅಂಕಿಗಳನ್ನು ಪ್ರತಿಸ್ಪರ್ಧಿಗಳೇ ಸೇರಿ ಅದರಲ್ಲಿ ತುಂಬುತ್ತಾರೆ. ಹೊರಗಿನ ಸಂಸ್ಥೆಯೊಂದು ಅದನ್ನು ಕಾಯುತ್ತದೆ, ಕಂಪನಿಯ ಗುಟ್ಟು ಮುಚ್ಚಿಟ್ಟು ಒಟ್ಟು ಅಂಕಿಗಳನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. 2018ರಲ್ಲಿ ರಚನೆಯಾದ ಜಾಗತಿಕ ಸಿಮೆಂಟ್ ಮತ್ತು ಕಾಂಕ್ರೀಟ್ ಸಂಘ ಈಗ ಇದನ್ನು ನಡೆಸುತ್ತಿದೆ. ಅಲ್ಟ್ರಾಟೆಕ್, ಶ್ರೀ ಸಿಮೆಂಟ್ ಅದರ ಸದಸ್ಯರು. ಕಡಿಮೆ ಇಂಗಾಲದ ಸಿಮೆಂಟಿಗಾಗಿ ಸ್ಟಾರ್ಟ್‌ಅಪ್‌ಗಳನ್ನು ಕರೆಯುವ 'ಇನ್ನೋವಾಂಡಿ' ಎಂಬ ಮುಕ್ತ ಸ್ಪರ್ಧೆಯೂ ಆ ಸಂಘದ್ದೇ.

ಹಾಗಾದರೆ ಪೈಪೋಟಿ ಇದೆ, ಗೋಪ್ಯತೆ ಇದೆ, ಅಂಕಿ ಹಂಚಿಕೊಳ್ಳಲಾಗದು ಎಂಬ ನೆಪ ಬಿದ್ದುಹೋಯಿತು. ಮಳಖೇಡದ ಕಿಲ್ನಿನ ಹೊಗೆ ಎಷ್ಟೆಂದು ಜಗತ್ತಿನ ಲೆಕ್ಕಕ್ಕೆ ಸೇರಿಸಲು ಬರುವುದಾದರೆ, ಅದೇ ಕಿಲ್ನಿನ ಬಳಿ ಇಪ್ಪತ್ತು ವರ್ಷ ನಿಂತವನ ಉಸಿರು ಎಷ್ಟು ಕುಗ್ಗಿತೆಂದು ಜಿಲ್ಲೆಯ ಲೆಕ್ಕಕ್ಕೆ ಸೇರಿಸಲು ಯಾಕೆ ಬರುವುದಿಲ್ಲ? ವಿಧಾನ ಒಂದೇ: ಹೆಸರು ಮರೆ, ಒಟ್ಟು ಮೊತ್ತ ಬಯಲು.

ಇದನ್ನು ಕನಸು ಎನ್ನುವವರು ಯುರೋಪಿನ ಕಡೆ ನೋಡಬಹುದು. ಎಂಟು ದೇಶಗಳ 24 ಸಿಮೆಂಟ್ ಕಾರ್ಖಾನೆಗಳ 4,265 ಕೆಲಸಗಾರರ ಶ್ವಾಸಕೋಶ ಪರೀಕ್ಷೆಯನ್ನು ಒಂದೆಡೆ ಸೇರಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನಡೆಸಿದ್ದು ನಾರ್ವೆಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಹಣ ಕೊಟ್ಟದ್ದು ಸಿಮೆಂಟ್ ತಯಾರಕರದೇ ಒಕ್ಕೂಟ ಸೆಂಬ್ಯುರೋ. ಅತಿ ಹೆಚ್ಚು ದೂಳಿನಲ್ಲಿ ಕೆಲಸ ಮಾಡುವವರು ಮೊದಲ ಒಂದು ಸೆಕೆಂಡಿನಲ್ಲಿ ಹೊರಹಾಕುವ ಗಾಳಿ ಅತಿ ಕಡಿಮೆ ದೂಳಿನವರಿಗಿಂತ ಸುಮಾರು 270 ಮಿಲಿಲೀಟರ್ ಕಡಿಮೆ ಎಂದು ಅದು ಹೇಳಿತು. ಉದ್ಯಮಕ್ಕೆ ಹಿತವಲ್ಲದ ಉತ್ತರ ಉದ್ಯಮದ ಹಣದಿಂದಲೇ ಬಂತು. ಅದರಿಂದ ಯುರೋಪಿನ ಸಿಮೆಂಟ್ ಉದ್ಯಮವೇನೂ ಮುಳುಗಲಿಲ್ಲ.

ಕಾನೂನೂ ಇದಕ್ಕೆ ಅಡ್ಡಿಯಲ್ಲ, ಬೆನ್ನಿಗಿದೆ. ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಅಪಾಯಕಾರಿ ಉದ್ಯಮಗಳ ಪಟ್ಟಿಯಲ್ಲಿ ಸಿಮೆಂಟ್ ಇದೆ. ಅಂಥ ಕಾರ್ಖಾನೆ ಪ್ರತಿಯೊಬ್ಬ ಕೆಲಸಗಾರನ ಆರೋಗ್ಯ ದಾಖಲೆ ಇಡಬೇಕು, ಕೆಲಸಗಾರ ಅದನ್ನು ನೋಡಲು ಬಿಡಬೇಕು ಎಂದು 41-ಸಿ ಕಲಮು ಹೇಳಿತು. ಆ ಕಾಯ್ದೆಯ ಜಾಗಕ್ಕೆ 2020ರ ಕಾರ್ಮಿಕ ಸಂಹಿತೆ ಬಂದರೂ ಮೂರು ದಶಕಗಳಿಗೂ ಹೆಚ್ಚು ಕಾಲ ಇಟ್ಟ ದಾಖಲೆಗಳು ಎಲ್ಲೋ ಇರಲೇಬೇಕು. ಕಾಯಂ ನೌಕರನದ್ದು ಇದ್ದೀತು. ಗುತ್ತಿಗೆದಾರ ಬದಲಾದ ಹಾಗೆ ಗೇಟ್‌ಪಾಸ್ ಬದಲಾಗುವ ಲೋಡಿಂಗ್ ಹುಡುಗನದ್ದು? ಬಿಹಾರದಿಂದ ಬಂದು ಮೂರು ವರ್ಷ ಚೀಲ ಹೊತ್ತು ಊರಿಗೆ ಮರಳಿದವನದ್ದು?

ದೂಳಿನ ಮಾಪನದ ಕಥೆ ಇನ್ನೂ ವಿಚಿತ್ರ. ಸಿಮೆಂಟ್ ಸೇರಿ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಚಿಮಣಿಯ ಹೊಗೆಯನ್ನು ಎಡೆಬಿಡದೆ ಅಳೆದು ಅಂಕಿಯನ್ನು ನೇರ ಸರ್ವರಿಗೆ ಕಳಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಆದೇಶಿಸಿತು. ಆ ಅಂಕಿ ಜನರಿಗೆ ಕಾಣುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅಂದರೆ ವಾಡಿಯ ಚಿಮಣಿ ಈ ಹೊತ್ತು ಏನು ಉಗುಳುತ್ತಿದೆ ಎಂಬುದು ಬೆಂಗಳೂರಿಗೂ ದೆಹಲಿಗೂ ಗೊತ್ತಾಗುವ ವ್ಯವಸ್ಥೆಯಿದೆ. ವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿನ ಮೇಲೆ ಆ ಅಂಕಿ ಇರಬೇಕೆಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಚಳಿಗಾಲದ ಒಂದು ವಾರ ಉಬ್ಬಸದವರ ಸಾಲು ಉದ್ದವಾದರೆ ಅವರು ಹವಾಮಾನವನ್ನು ದೂರಬೇಕು, ಇಲ್ಲವೇ ಬೀಡಿಯನ್ನು.

ಚಾಲ್ತಿಯ ವಾದದವರು ಇಲ್ಲಿ ಕೈಯೆತ್ತುತ್ತಾರೆ: ಹೃದಯ ಜ್ಯೋತಿ ನೋಡಿ, ಟ್ರೂನ್ಯಾಟ್ ನೋಡಿ, ಸಹಯೋಗದಿಂದ ಜೀವ ಉಳಿದಿಲ್ಲವೇ? ಉಳಿದಿದೆ, ಉಳಿಯುತ್ತಿದೆ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಓದುತ್ತದೆ, ಜಯದೇವ ಆಸ್ಪತ್ರೆಯ ತಜ್ಞರು ಸಲಹೆ ಕೊಡುತ್ತಾರೆ. ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗುತ್ತದೆ. ಕಲಬುರಗಿಯಲ್ಲಿ 2024ರ ಡಿಸೆಂಬರಿನಲ್ಲಿ ಜಯದೇವದ ಹೊಸ ಆಸ್ಪತ್ರೆಯೂ ತೆರೆಯಿತು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ವಿಧಿಯ ನೆನಪಿಗೆ ಸರಿಯಾಗಿ 371 ಹಾಸಿಗೆ. (ಸಂವಿಧಾನದ ವಿಧಿಯ ಸಂಖ್ಯೆ ನೋಡಿ ಹಾಸಿಗೆ ಎಣಿಸುವ ಪದ್ಧತಿ ಬೇರೆಲ್ಲೂ ಇರಲಾರದು. ಇರಲಿ, ಹಾಸಿಗೆ ಹೆಚ್ಚಾದರೆ ಒಳ್ಳೆಯದೇ.) ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ, ಒಂದು ತಾಸಿನ ಆಸುಪಾಸಿನಲ್ಲಿ ಕಫದಲ್ಲಿ ಕ್ಷಯದ ಕ್ರಿಮಿ ಇದೆಯೋ ಇಲ್ಲವೋ ಹೇಳುತ್ತದೆ. ಇವನ್ನು ಹೀಗಳೆಯುವವರು ಹಳ್ಳಿಯ ಆಸ್ಪತ್ರೆಯಲ್ಲಿ ರಾತ್ರಿ ಕಳೆದವರಲ್ಲ.

ಆದರೆ ಈ ಸಾಧನಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ನೋಡಬೇಕು. ಹೃದಯಾಘಾತಕ್ಕೆ ಪ್ರತಿವಾದಿ ಇಲ್ಲ. ಕ್ಷಯದ ಕ್ರಿಮಿಗೆ ವಕೀಲನಿಲ್ಲ. ಸಿಎಸ್‌ಐಆರ್ 2008ರಲ್ಲಿ ಕ್ಷಯಕ್ಕೆ ಹೊಸ ಮದ್ದು ಹುಡುಕಲು ಮುಕ್ತ ಸಂಶೋಧನಾ ಯೋಜನೆ ಶುರು ಮಾಡಿದಾಗ ದೇಶದ ವಿದ್ಯಾರ್ಥಿಗಳೆಲ್ಲ ಸೇರಿ ಕ್ರಿಮಿಯ ಜೀನುಗಳನ್ನು ಬಿಡಿಸಿ ನೋಡಿದರು, ಯಾರೂ ಆಕ್ಷೇಪಿಸಲಿಲ್ಲ. ಎದೆಯಲ್ಲಿ ಕೂತ ದೂಳಿಗೆ ಮಾತ್ರ ಒಂದು ವಿಳಾಸವಿದೆ, ಆ ವಿಳಾಸಕ್ಕೆ ಒಬ್ಬ ಮಾಲೀಕನಿದ್ದಾನೆ, ಮಾಲೀಕನಿಗೆ ಪರಿಹಾರ ಕೊಡುವ ಹೊಣೆಯಿದೆ. ಟ್ರೂನ್ಯಾಟ್ ಯಂತ್ರ 'ಕ್ಷಯವಿಲ್ಲ' ಎಂದು ಹೇಳಿದ ಮೇಲೆ ಏನು? ಕೆಮ್ಮು ಹೋಗಿಲ್ಲ, ತೂಕ ಇಳಿಯುತ್ತಿದೆ, ಎಕ್ಸ್-ರೇಯಲ್ಲಿ ಚುಕ್ಕೆ ಕಾಣುತ್ತಿದೆ. ಕಲ್ಲು ಒಡೆಯುವವರ ಊರುಗಳಲ್ಲೆಲ್ಲ ಇಂಥವರಿಗೆ ಕ್ಷಯದ ಗುಳಿಗೆಯನ್ನೇ ತಿಂಗಳುಗಟ್ಟಲೆ ನುಂಗಿಸುವುದು ಹಳೆಯ ಕಥೆ. ಮುಂದಿನ ಉತ್ತರ ಯಂತ್ರದೊಳಗೆ ಇಲ್ಲ, ಅವನು ಎಲ್ಲಿ ಎಷ್ಟು ವರ್ಷ ದುಡಿದ ಎಂಬ ದಾಖಲೆಯಲ್ಲಿದೆ. ಹೊಣೆ ಹೊರಬೇಕಾದವರು ಯಾರೂ ಇಲ್ಲದ ಕಡೆಯೆಲ್ಲ ನಾವೀನ್ಯತೆಗೆ ಚಪ್ಪಾಳೆ ಬೀಳುತ್ತದೆ, ಹೊಣೆ ಎದುರಾದ ಕಡೆ ಅದು ಆರೋಗ್ಯ ಶಿಬಿರವಾಗಿ ಕುಗ್ಗುತ್ತದೆ. ಶಿಬಿರದಲ್ಲಿ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಕನ್ನಡಕ ಕೊಡುತ್ತಾರೆ. ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೀಟರ್‌ಗೆ ಊದಿಸುವ ಶಿಬಿರ ಅಪರೂಪ. ಆ ಯಂತ್ರ ಒಂದು ಮೋಟಾರ್ ಸೈಕಲ್‌ಗಿಂತ ಬಹಳ ದುಬಾರಿಯಾದದ್ದೇನೂ ಅಲ್ಲ.

ಸಹಯೋಗ ಎಂಬುದನ್ನು ಈ ಭಾಗ ಮೊದಲ ಬಾರಿಗೆ ಕೇಳುತ್ತಿಲ್ಲ ಎಂಬುದನ್ನೂ ನೆನಪಿಸಬೇಕು. ಪಕ್ಕದ ರಾಯಚೂರಿನಲ್ಲಿ ಒಪೆಕ್ ನಿಧಿಯ ನೆರವಿನಿಂದ ಸರ್ಕಾರ 350 ಹಾಸಿಗೆಯ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಿತು, 2002ರಲ್ಲಿ ಅದನ್ನು ಹತ್ತು ವರ್ಷಕ್ಕೆ ಅಪೋಲೊ ಸಮೂಹದ ಕೈಗೆ ಕೊಟ್ಟಿತು. ಆಗಲೂ ಭಾಷಣಗಳಲ್ಲಿದ್ದದ್ದು ಇದೇ ಸಹಯೋಗ. 2012ರಲ್ಲಿ ಒಪ್ಪಂದ ಮುಗಿದಾಗ ಆಸ್ಪತ್ರೆ ಮತ್ತೆ ಸರ್ಕಾರದ ಕೈಗೆ ಬಂತು. ಕಟ್ಟಡ ಉಳಿಯಿತು, ಹಾಸಿಗೆ ಉಳಿಯಿತು. ಹತ್ತು ವರ್ಷದಲ್ಲಿ ಈ ಸೀಮೆಯ ಕಾಯಿಲೆಗಳ ಬಗ್ಗೆ ಏನು ತಿಳಿಯಿತು ಎಂಬುದು ಪ್ರಶ್ನೆಯಾಗಿಯೇ ಉಳಿಯಿತು. ಬಾಡಿಗೆಗೆ ಕೊಟ್ಟದ್ದನ್ನು ಸಹಯೋಗ ಎಂದು ಕರೆದರೆ ಉಳಿಯುವುದು ಇಷ್ಟೇ.

ನಿಜಕ್ಕೂ ತೆರೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಇದೇ ಸೀಮೆಯಲ್ಲಿ ಎರಡು ಪುರಾವೆಗಳಿವೆ. ಎರಡೂ ಯಾವ ಮೇಳದಲ್ಲೂ ಪ್ರದರ್ಶನಗೊಂಡವಲ್ಲ.

ಒಂದು, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ. ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಆಸುಪಾಸಿನ ಲಂಬಾಣಿ ತಾಂಡಾ ಅದು. ಅಲ್ಲಿನ ಮಂದಿಯ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಕಲೆ. ಕೊಳವೆಬಾವಿಯ ನೀರು ಒಂದು ಇಲಾಖೆಯದ್ದು, ಗಣಿಯ ಕಸ ಇನ್ನೊಂದರದ್ದು, ಚರ್ಮದ ಕಾಯಿಲೆ ಮೂರನೆಯದರದ್ದು. 2013ರಲ್ಲಿ ಪ್ರಕಟವಾದ, ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ ಇವನ್ನೆಲ್ಲ ಒಂದೇ ಕಾಗದದ ಮೇಲೆ ತಂದಿತು: ನೀರು, ಮಣ್ಣು, ಆಹಾರ, ಕೂದಲು, ಉಗುರು, ಚರ್ಮ. 59 ಕೊಳವೆಬಾವಿಗಳಲ್ಲಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು, ಅತಿ ಹೆಚ್ಚು 303. ಪರೀಕ್ಷಿಸಿದ 181 ಜನರಲ್ಲಿ ಶೇ 58.6ರಷ್ಟು ಮಂದಿಗೆ ಆರ್ಸೆನಿಕ್‌ನ ಚರ್ಮದ ಗಾಯಗಳಿದ್ದವು. ಹೊಸ ಯಂತ್ರವನ್ನು ಯಾರೂ ಕಂಡುಹಿಡಿಯಲಿಲ್ಲ. ಬೇರೆ ಬೇರೆ ಕಡೆ ಇರುತ್ತಿದ್ದ ಮಾಪನಗಳನ್ನು ಒಂದೆಡೆ ಇಟ್ಟು ನೋಡಿದರು. ಒಂದೊಂದೂ ಬಿಡಿಯಾಗಿ ಅರ್ಥವಿಲ್ಲದ ಅಂಕಿ. ಒಟ್ಟಾದಾಗ ಒಂದು ಊರಿನ ರೋಗನಿದಾನ.

ಎರಡನೆಯದು ಸರ್ಕಾರದ್ದೇ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ಗುಲಬರ್ಗಾ ವಿಭಾಗದಲ್ಲಿ. ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಹಣ ಕೊಡದೆ ಚಿಕಿತ್ಸೆ. ಯೋಜನೆ ಇದ್ದ 300 ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32. ಸರ್ಕಾರವೊಂದು ತನ್ನ ಯೋಜನೆಯನ್ನು ಹೊರಗಿನವರ ಅಳತೆಗೆ ಒಡ್ಡಿದಾಗ ಸಿಗುವ ಲಾಭ ಇದು. ಇಂದಿನ ಎಷ್ಟು ಆರೋಗ್ಯ ಆ್ಯಪ್‌ಗಳು, ಎಷ್ಟು ಸಿಎಸ್‌ಆರ್ ಸಂಚಾರಿ ವಾಹನಗಳು ಇಂಥ ಅಳತೆಗೆ ಒಡ್ಡಿಕೊಳ್ಳಲು ಒಪ್ಪುತ್ತವೆ? ಎಷ್ಟು ಜನರನ್ನು 'ತಲುಪಿದೆವು' ಎಂಬುದಷ್ಟೇ ಅವುಗಳ ವಾರ್ಷಿಕ ವರದಿಯ ಹೆಮ್ಮೆ.

'ಮಾಹಿತಿ ಈಗಾಗಲೇ ಮುಕ್ತವಾಗುತ್ತಿದೆ, ಪ್ರತಿಯೊಬ್ಬರಿಗೂ ಆರೋಗ್ಯ ದಾಖಲೆಯ ಆಭಾ ಸಂಖ್ಯೆ ಬಂದಿದೆ, ಪೋರ್ಟಲ್‌ಗಳಿವೆ' ಎಂಬ ಇನ್ನೊಂದು ಸಮಾಧಾನವಿದೆ. ಪೋರ್ಟಲ್‌ಗಳಿವೆ, ನಿಜ. ಮಾಹಿತಿ ಅವುಗಳಲ್ಲಿ ಮೇಲಕ್ಕೆ ಮಾತ್ರ ಹೋಗುತ್ತದೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲು ರಾತ್ರಿ ಕೂತದ್ದು ಯಾಕೆ? ಗೌರವಧನ ಹೆಚ್ಚಿಸಿ ಎಂಬುದರ ಜೊತೆಗೆ ಅವರ ದೂರು ತಾಯಿ-ಮಗುವಿನ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲ್ ಮೇಲಿತ್ತು: ಮಾಡಿದ ಕೆಲಸ ಅದರಲ್ಲಿ ಸರಿಯಾಗಿ ದಾಖಲಾಗದಿದ್ದರೆ ಪ್ರೋತ್ಸಾಹಧನ ಇಲ್ಲ. ಚಿಂಚೋಳಿಯ ತಾಂಡಾಗಳಲ್ಲಿ ಯಾವ ಮನೆಯ ಗಂಡಸು ಮುಂಬೈಗೆ ಗುಳೆ ಹೋದ, ಯಾರು ಖಣಿ ಕೆಲಸ ಬಿಟ್ಟು ಕೆಮ್ಮುತ್ತ ಮನೆಯಲ್ಲಿದ್ದಾರೆ ಎಂಬುದೆಲ್ಲ ಆಶಾಗೆ ಬಾಯಿಪಾಠ. ಪೋರ್ಟಲ್ ಅದನ್ನು ಕೇಳುವುದಿಲ್ಲ. ಅವಳು ತುಂಬಿದ ಅಂಕಿಗಳಿಂದ ಅವಳ ಊರಿನ ಬಗ್ಗೆ ಏನು ತಿಳಿಯಿತು ಎಂದು ಅವಳಿಗೂ ತಿರುಗಿ ಯಾರೂ ಹೇಳುವುದಿಲ್ಲ. ಗಡ್‌ಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಇದನ್ನು ಪೂರ್ತಿ ತಿರುವುಮುರುವು ಮಾಡಿದರು. ಹಳ್ಳಿಯ ಹೆಂಗಸರಿಗೇ ಹಸುಗೂಸಿನ ಉಸಿರು ಎಣಿಸಲು, ಕಾಯಿಲೆ ಗುರುತಿಸಲು, ಔಷಧ ಕೊಡಲು ಕಲಿಸಿದರು. 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರನೆಯ ವರ್ಷಕ್ಕೆ ನವಜಾತ ಶಿಶು ಮರಣ ಶೇ 62ರಷ್ಟು ತಗ್ಗಿತ್ತು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಇಂದು ದೇಶದ ಆಶಾಗಳು ಮಾಡುವ ನವಜಾತ ಶಿಶು ಆರೈಕೆ ಅಲ್ಲಿಂದ ಬಂದದ್ದು.

ಗಡಿಯ ವಿಷಯ ಬಿಟ್ಟರೆ ಈ ಸೀಮೆಯ ಚಿತ್ರ ಅರ್ಧವಾಗುತ್ತದೆ. 1956ರವರೆಗೆ ಕೊಡಂಗಲ್ ಮತ್ತು ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆ ಅವನ್ನು ಆಚೆಗೆ ಕಳಿಸಿತು. ಕಲ್ಲಿನ ಹಾಸು ಕತ್ತರಿಸಲ್ಪಡಲಿಲ್ಲ. ಶಹಾಬಾದಿ ಫರ್ಸಿ ಮತ್ತು ತಾಂಡೂರು ಕಲ್ಲು ಒಂದೇ ವಂಶದವು, ಎರಡೂ ಕಡೆ ಒಂದೇ ಕಟಿಂಗ್ ಯಂತ್ರ, ಒಂದೇ ಬಗೆಯ ದೂಳು. ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ಹಾದು ತಾಂಡೂರಿಗೆ ಹೋಗುವ ರೈಲು ನಿಜಾಮನ ಕಾಲದ್ದು. ಅದೇ ದಾರಿಯಲ್ಲಿ ಇಂದಿಗೂ ಜಡ್ಡು ಜೋರಾದವರು ಹೈದರಾಬಾದಿಗೆ ಹೋಗುತ್ತಾರೆ. ಹೋದವರ ಕಾಗದ ಪತ್ರ ತೆಲಂಗಾಣದ ಆಸ್ಪತ್ರೆಯಲ್ಲಿ ಉಳಿಯುತ್ತದೆ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದೆಂದು ದೃಢಪಟ್ಟಾಗ ಈ ಒಡಕು ಇಡೀ ದೇಶಕ್ಕೆ ಕಂಡಿತು. ರೋಗಿ ಕಲಬುರಗಿಯ ಆಸ್ಪತ್ರೆಯಿಂದ ಹೈದರಾಬಾದಿಗೆ ಹೋಗಿ ಮರಳಿದ್ದರು, ಮಾದರಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿತ್ತು, ಉತ್ತರ ಬರುವಷ್ಟರಲ್ಲಿ ಜೀವ ಹೋಗಿತ್ತು. ಆಮೇಲೆ ಕಲಬುರಗಿಗೇ ಪ್ರಯೋಗಾಲಯ ಬಂತು. ಎರಡು ರಾಜ್ಯಗಳ ಆಸ್ಪತ್ರೆಗಳು ಕಲ್ಲುಕುಟಿಗನೊಬ್ಬನ ಎದೆಯ ಬಗ್ಗೆ ಒಂದಕ್ಕೊಂದು ಮಾತಾಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ರಾಜಸ್ಥಾನ ಈ ವಿಷಯದಲ್ಲಿ ಮುಂದಿದೆ ಎಂದರೆ ಇಲ್ಲಿನ ಅಧಿಕಾರಿಗಳಿಗೆ ಆಶ್ಚರ್ಯವಾದೀತು. ಅಲ್ಲಿ 2019ರಲ್ಲಿ ದೂಳಿನ ಶ್ವಾಸಕೋಶ ರೋಗಕ್ಕೆಂದೇ ಒಂದು ನೀತಿ ಬಂತು. ಸಿಲಿಕೋಸಿಸ್ ದೃಢಪಟ್ಟ ಕಾರ್ಮಿಕನಿಗೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ, ಬದುಕಿರುವಷ್ಟು ಕಾಲ ಪಿಂಚಣಿ. ಅರ್ಜಿ ಎಲ್ಲಿಗೆ ಬಂತು, ಎಷ್ಟು ಮಂದಿಗೆ ಹಣ ಸಿಕ್ಕಿತು ಎಂಬುದು ಸಾರ್ವಜನಿಕ ಪೋರ್ಟಲ್‌ನಲ್ಲಿ ಕಾಣುತ್ತದೆ. ಅದಕ್ಕೆ ಕಾರಣ ಸ್ಟಾರ್ಟ್‌ಅಪ್ ಅಲ್ಲ, ಗಣಿ ಕಾರ್ಮಿಕರ ಸಂಘಟನೆಗಳ ವರ್ಷಗಟ್ಟಲೆ ಜಗಳ. ಶಹಾಬಾದ್ ಕಲ್ಲಿನಲ್ಲಿ ರಾಜಸ್ಥಾನದ ಮರಳುಗಲ್ಲಿನಷ್ಟು ಸಿಲಿಕಾ ಇಲ್ಲ, ಆದ್ದರಿಂದ ಅಲ್ಲಿನ ನೀತಿಯನ್ನು ಹಾಗೆಯೇ ಎತ್ತಿ ತಂದರೆ ಆಗುವುದಿಲ್ಲ. ಯಾವ ಖಣಿಯ ಕಲ್ಲಿನಲ್ಲಿ ಎಷ್ಟಿದೆ ಎಂಬುದನ್ನು ಭೂವಿಜ್ಞಾನಿ ಹೇಳಬೇಕು, ಯಾರ ಎದೆಯಲ್ಲಿ ಏನಿದೆ ಎಂಬುದನ್ನು ವೈದ್ಯ ಹೇಳಬೇಕು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಕಲಬುರಗಿಯಲ್ಲಿ ಮೂರು ವೈದ್ಯಕೀಯ ಕಾಲೇಜುಗಳಿಗೆ ಕಡಿಮೆಯಿಲ್ಲ, ಒಂದು ಕಾರ್ಮಿಕರ ವಂತಿಗೆಯ ಹಣದಿಂದಲೇ ಎದ್ದ ಇಎಸ್‌ಐ ಕಾಲೇಜು. ಸಂಬಳದ ಶೇ 0.75 ಕಾರ್ಮಿಕನದ್ದು, ಶೇ 3.25 ಮಾಲೀಕನದ್ದು. ಅಲ್ಲಿಂದ ಶಹಾಬಾದಿಗೆ ಒಂದು ತಾಸಿನ ದಾರಿಯೂ ಇಲ್ಲ. ಪ್ರಬಂಧಕ್ಕೆ ವಿಷಯ ಹುಡುಕಿ ಸುಸ್ತಾಗುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗಂತೂ ಎಂದೂ ಬರವಿಲ್ಲ.

ಹಣವಿಲ್ಲ ಎಂಬ ಕೊನೆಯ ಮಾತೂ ನಿಲ್ಲುವುದಿಲ್ಲ. ಖನಿಜ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಪ್ರತಿ ಗಣಿ ಜಿಲ್ಲೆಗೆ ಖನಿಜ ಪ್ರತಿಷ್ಠಾನ ನಿಧಿ ಇದೆ. ಸಾಮಾನ್ಯ ದರ್ಜೆಯ ಸುಣ್ಣಕಲ್ಲಿಗೆ ರಾಜಧನ ಟನ್ನಿಗೆ 80 ರೂಪಾಯಿ. ಹಳೆಯ ಗುತ್ತಿಗೆಯಾದರೆ ಅದರ ಮೇಲೆ ಇನ್ನೂ ಶೇ 30, ಹರಾಜಿನಲ್ಲಿ ಬಂದ ಗುತ್ತಿಗೆಯಾದರೆ ಶೇ 10 ಈ ನಿಧಿಗೆ ಬರಬೇಕು. ವರ್ಷಕ್ಕೆ 30 ಲಕ್ಷ ಟನ್ ಕ್ಲಿಂಕರ್ ಮಾಡುವ ಒಂದು ಕಾರ್ಖಾನೆಗೆ ಸುಮಾರು 45 ಲಕ್ಷ ಟನ್ ಕಲ್ಲು ಬೇಕು ಎಂದುಕೊಳ್ಳೋಣ. ರಾಜಧನ 36 ಕೋಟಿ. ನಿಧಿಯ ಪಾಲು ಗುತ್ತಿಗೆ ಹೊಸದಾದರೆ 3.6 ಕೋಟಿ, ಹಳೆಯದಾದರೆ 10.8 ಕೋಟಿ. ಒಂದು ಕಾರ್ಖಾನೆಯಿಂದ, ಒಂದು ವರ್ಷಕ್ಕೆ. ನಿಧಿಯ ಶೇ 60ಕ್ಕೆ ಕಡಿಮೆಯಿಲ್ಲದಷ್ಟು ಕುಡಿಯುವ ನೀರು, ಪರಿಸರ, ಆರೋಗ್ಯದಂಥ ಆದ್ಯತೆಗಳಿಗೆ ಹೋಗಬೇಕೆಂದು ಮೊದಲ ನಿಯಮದಲ್ಲೇ ಇತ್ತು. ಈ ಹಣದಲ್ಲಿ ಸಮುದಾಯ ಭವನ ಏಳಬಹುದು, ಕಾಂಪೌಂಡ್ ಗೋಡೆ ಏಳಬಹುದು. ಐದು ಪಟ್ಟಣಗಳ ಸರ್ಕಾರಿ ದವಾಖಾನೆಗಳಲ್ಲಿ ತಲಾ ಒಂದು ಸ್ಪೈರೋಮೀಟರ್, ಅದನ್ನು ನಡೆಸಬಲ್ಲ ತಂತ್ರಜ್ಞ, ಎಕ್ಸ್-ರೇ ಓದಬಲ್ಲ ವೈದ್ಯರ ಒಂದು ಮಂಡಳಿ, ಗಣಿ-ಕಾರ್ಖಾನೆ-ಆಸ್ಪತ್ರೆಗಳ ದಾಖಲೆ ಸೇರಿಸಿ ಹೆಸರು ಮರೆಮಾಡಿ ವರ್ಷಕ್ಕೊಮ್ಮೆ ಪ್ರಕಟಿಸುವ ಒಂದು ಕಚೇರಿ: ಇಷ್ಟಕ್ಕೆ ಆ ನಿಧಿಯ ಚಿಲ್ಲರೆ ಸಾಕು.

ಇದನ್ನು ಯಾರೂ ದಾನವಾಗಿ ಕೊಡುವುದಿಲ್ಲ, ಕೇಳಿ ಪಡೆಯಬೇಕು. ಕೇಳುವ ಜಾಗವೂ ಇದೆ. ಈ ಭಾಗದಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆ ಅಥವಾ ಗಣಿ ಹೊಸದಾಗಿ ಬಂದಾಗ, ವಿಸ್ತರಣೆಗೆ ಹೊರಟಾಗ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. 30 ದಿನ ಮೊದಲು ನೋಟಿಸ್, ಜಿಲ್ಲಾಧಿಕಾರಿ ಅಥವಾ ಅವರ ಪರವಾದ ಹಿರಿಯ ಅಧಿಕಾರಿಯ ಅಧ್ಯಕ್ಷತೆ, ಪೂರ್ತಿ ವಿಡಿಯೊ ಚಿತ್ರೀಕರಣ, ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವ ಕಡ್ಡಾಯ. ಈ ಸಭೆಗಳಲ್ಲಿ ಊರವರು ಸಾಮಾನ್ಯವಾಗಿ ಕೇಳುವುದು ನೌಕರಿ, ರಸ್ತೆ, ನೀರಿನ ಟ್ಯಾಂಕರ್. ಮುಂದಿನ ಸಭೆಯಲ್ಲಿ ಪಂಚಾಯಿತಿಯ ಸದಸ್ಯರೊಬ್ಬರು ಎದ್ದುನಿಂತು ಇನ್ನೊಂದನ್ನೂ ಕೇಳಲಿ: ಈಗಿರುವ ಘಟಕದಲ್ಲಿ ಕಾಯಂ, ಗುತ್ತಿಗೆ ಎರಡೂ ಬಗೆಯ ಎಷ್ಟು ಕೆಲಸಗಾರರ ಉಸಿರಾಟ ಪರೀಕ್ಷೆ ಕಳೆದ ಹತ್ತು ವರ್ಷದಲ್ಲಿ ಆಗಿದೆ, ಎಷ್ಟು ಮಂದಿಯದ್ದು ಕುಗ್ಗಿದೆ, ಅವರೀಗ ಎಲ್ಲಿದ್ದಾರೆ. ಉತ್ತರ ಬಂದರೂ ಬಾರದಿದ್ದರೂ ಆ ಪ್ರಶ್ನೆ ನಡಾವಳಿಯಲ್ಲಿ ಸೇರಿ ಪರಿಸರ ಅನುಮತಿಗೆ ಶಿಫಾರಸು ಮಾಡುವ ತಜ್ಞರ ಸಮಿತಿಯ ಮುಂದೆ ಹೋಗಲೇಬೇಕು.